ಮೊದಲ ದಿನವೇ ಭಾಗವತಿಕೆ

ಹಾವು ಏಣಿ ಆಟ ತಂದರೆ ಪೆಟ್ಟಿಗೆಯೊಳಗೆ ಒಂದು ಹಾಳೆ, ಒಂದು ದಾಳ, ನಾಲ್ಕು ಕಾಯಿ ಇರುತ್ತೆ. ಕೇರಂ ಆದ್ರೆ ಬೋರ್ಡು, ಕಾಯಿ, ಸ್ಟ್ರೈಕರ್, ಒಂಚೂರು ಪೌಡರ್. ಬಿಚ್ಚಿದ ಐದು ನಿಮಿಷಕ್ಕೆ ಆಟ ಶುರು. ನಾನು ಹೇಳಹೊರಟಿರುವ ಆಟ ಹಾಗಲ್ಲ. ಪೆಟ್ಟಿಗೆ ತೆಗೆದರೆ ಎರಡು ಪುಸ್ತಕ, ಒಂದಷ್ಟು ಹಾಳೆ, ನಾಲ್ಕು ಮುಖದಿಂದ ಇಪ್ಪತ್ತು ಮುಖದವರೆಗಿನ ವಿಚಿತ್ರ ದಾಳಗಳು. ಆಟ ನಡೆಯೋದೆಲ್ಲ ಮಾತಿನಲ್ಲೇ. ಇದಕ್ಕೆ ಟೇಬಲ್‌ಟಾಪ್ ರೋಲ್ ಪ್ಲೇಯಿಂಗ್ ಗೇಮ್ ಅಂತಾರೆ. ಇವುಗಳಲ್ಲಿ ಹೆಚ್ಚು ಹೆಸರಾದದ್ದು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್'. 'ಸ್ಟ್ರೇಂಜರ್ ಥಿಂಗ್ಸ್' ಧಾರಾವಾಹಿಯಲ್ಲಿ ಹುಡುಗರೆಲ್ಲ ಸೇರಿ ಆಡ್ತಾರಲ್ಲ, ಅದೇ.

ಬೆಂಗಳೂರಿನ ಆಫೀಸಿನಲ್ಲಿ ಇದನ್ನು ವಿವರಿಸೋಕೆ ನನಗೆ ಅರ್ಧ ಗಂಟೆ ಬೇಕು. ಸಾಗರದ ಕಡೆಯ ನಮ್ಮೂರಲ್ಲಿ ಒಂದೇ ಮಾತು ಸಾಕು: "ತಾಳಮದ್ದಳೆ ಇದ್ದ ಹಾಗೆ."

ನಿಜಕ್ಕೂ ಹಾಗೇ ಇದೆ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಅರ್ಥಧಾರಿಗಳು ಕೂತಲ್ಲೇ ಒಬ್ಬರು ಕೃಷ್ಣ, ಒಬ್ಬರು ಕೌರವ ಆಗ್ತಾರೆ. ಅವರ ಮಾತು ಬರೆದು ಬಾಯಿಪಾಠ ಮಾಡಿದ್ದಲ್ಲ, ಅಲ್ಲೇ ಹುಟ್ಟಿದ್ದು. ಈ ಆಟದಲ್ಲೂ ಒಬ್ಬರು ಯೋಧ, ಒಬ್ಬರು ಮಂತ್ರವಾದಿ, ಇನ್ನೊಬ್ಬರು ಕಳ್ಳ. ನಡುವೆ ಕೂತು ಕಥೆ ನಡೆಸುವವನು ಗೇಮ್ ಮಾಸ್ಟರ್. ಅವನೇ ಭಾಗವತ ಅಂದ್ಕೊಳ್ಳಿ. ದೊಡ್ಡ ವ್ಯತ್ಯಾಸ ಅಂದ್ರೆ, ಅಲ್ಲಿ ಕೌರವ ಎಷ್ಟೇ ಚೆನ್ನಾಗಿ ವಾದಿಸಿದರೂ ಕೊನೆಗೆ ಅವನ ತೊಡೆ ಮುರಿಯಲೇಬೇಕು. ಇಲ್ಲಿ ಪ್ರಸಂಗದ ಕೊನೆ ಯಾರಿಗೂ ಗೊತ್ತಿಲ್ಲ. ಬೀಗ ತೆರೆಯಿತೋ ಇಲ್ಲವೋ ಅನ್ನೋದನ್ನು ದಾಳ ಹೇಳುತ್ತೆ.

ಹೊಸಬರಿಗೆ ಅಂತ ಮಾಡಿದ ಪೆಟ್ಟಿಗೆಯ ನಿಜವಾದ ಕಷ್ಟ ಇಲ್ಲೇ ಇರೋದು. ತಾಳಮದ್ದಳೆಗೆ ಹೊಸದಾಗಿ ಬಂದವನ ಕೈಗೆ ಯಾರೂ ಮೊದಲ ದಿನವೇ ಜಾಗಟೆ ಕೊಡೋದಿಲ್ಲ. ವರ್ಷಗಟ್ಟಲೆ ಕೇಳಿ, ಸಣ್ಣಪುಟ್ಟ ಪಾತ್ರ ಹೇಳಿ, ಆಮೇಲೆ ಮುಂದಿನದು. ಈ ಪೆಟ್ಟಿಗೆ ಕೊಂಡವನಾದ್ರೋ ಕೊಂಡ ದಿನವೇ ಭಾಗವತ. ಮನೆಯ ಉಳಿದವರಿಗೆ ಆಟ ಗೊತ್ತಿಲ್ಲ, ಅವನಿಗೂ ಗೊತ್ತಿಲ್ಲ, ಎಲ್ಲರೂ ಅವನ ಮುಖ ನೋಡ್ತಾ ಕೂತಿರ್ತಾರೆ. ಆದ್ದರಿಂದ ಇಂಥ ಪೆಟ್ಟಿಗೆಯ ಮೊದಲ ಕೆಲಸ ನಿಯಮ ಕಲಿಸೋದಲ್ಲ, ಕಥೆ ನಡೆಸುವವನನ್ನು ಮೊದಲ ಎರಡು ಗಂಟೆ ಕೈಹಿಡಿದು ದಾಟಿಸೋದು. ಆ ಎರಡು ಗಂಟೆ ಎಡವಿದರೆ ಪೆಟ್ಟಿಗೆ ಅಟ್ಟ ಸೇರುತ್ತೆ.

ಇದನ್ನು ಅರ್ಥಮಾಡಿಕೊಳ್ಳೋಕೆ ಆಟ ಮಾಡಿದವರಿಗೇ ಹತ್ತಿರ ಹತ್ತಿರ ಹತ್ತು ವರ್ಷ ಹಿಡಿಯಿತು. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಮೂರು ಸಣ್ಣ ಪುಸ್ತಕಗಳಾಗಿ ಈ ಆಟ ತಂದಾಗ, ಅದಾಗಲೇ ಯುದ್ಧದ ಆಟಗಳನ್ನು ಆಡುತ್ತಿದ್ದವರನ್ನು ಮನಸ್ಸಲ್ಲಿಟ್ಟುಕೊಂಡು ಬರೆದಿದ್ದರು. ಬೇರೆಯವರಿಗೆ ತಲೆಬುಡ ತಿಳಿಯೋದು ಕಷ್ಟ. 1977ರಲ್ಲಿ ನರವೈದ್ಯರಾಗಿದ್ದ ಜೆ. ಎರಿಕ್ ಹೋಮ್ಸ್ ಹೊಸಬರಿಗಾಗಿ ಅದನ್ನು ತಿದ್ದಿ ಬರೆದರು. ಮುಂದೆ ದಾಳಗಳ ಕೊರತೆ ಬಂದಾಗ ಆ ಪೆಟ್ಟಿಗೆಯಲ್ಲಿ ಅಂಕಿ ಅಚ್ಚಾದ ಚೀಟಿಗಳನ್ನೇ ಇಟ್ಟು ಮಾರಿದರು. ಕತ್ತರಿಸಿ ಲೋಟಕ್ಕೆ ಹಾಕಿ ಒಂದೊಂದೇ ಎತ್ತಬೇಕು, ಅಷ್ಟೆ. 1983ರಲ್ಲಿ ಫ್ರಾಂಕ್ ಮೆಂಟ್ಝರ್ ಮಾಡಿದ ಕೆಂಪು ಪೆಟ್ಟಿಗೆ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಪುಸ್ತಕ ತೆಗೆದ ಕೂಡಲೇ ನೀವೇ ಒಬ್ಬ ಯೋಧ. ಒಬ್ಬರೇ ಓದುತ್ತಾ ಗವಿಯೊಳಗೆ ಹೋಗ್ತೀರಿ, ಅಲೀನಾ ಅನ್ನುವವಳು ಜೊತೆಯಾಗ್ತಾಳೆ, ಬಾರ್ಗಲ್ ಅನ್ನೋ ಮಂತ್ರವಾದಿ ಅವಳನ್ನು ಕೊಲ್ತಾನೆ. ಕಥೆ ಮುಗಿಯೋ ಹೊತ್ತಿಗೆ ಅರ್ಧ ನಿಯಮ ನಿಮಗೇ ಗೊತ್ತಿಲ್ಲದೆ ತಲೆಗೆ ಹೋಗಿರುತ್ತೆ, ಬಾರ್ಗಲ್ ಮೇಲೆ ಸಿಟ್ಟೂ ಬಂದಿರುತ್ತೆ.

ಪುಸ್ತಕದ ಮಾತು ಸಾಕು, ನಮ್ಮ ಮನೆಗೆ ಬರ್ತೀನಿ. ಅಕ್ಕ-ಭಾವ ಇರೋದು ಪುಣೆಯಲ್ಲಿ. ಅವರ ಮಗನಿಗೆ 13 ವರ್ಷ. ಇಂಗ್ಲಿಷ್, ಹಿಂದಿ, ಮರಾಠಿ ಸರಾಗ. ಕನ್ನಡ ಅರ್ಥವಾಗುತ್ತೆ, ಬಾಯಿಗೆ ಬರೋದು ಕಡಿಮೆ. ನಮ್ಮ ಅಪ್ಪಯ್ಯ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು, ಮಳೆಗಾಲ ಬಂತೆಂದರೆ ತಾಳಮದ್ದಳೆ ಎಲ್ಲಿದೆ ಅಂತ ಹುಡುಕಿಕೊಂಡು ಹೋಗುವವರು. ಇಬ್ಬರಿಗೂ ಪ್ರೀತಿಗೇನೂ ಕೊರತೆಯಿಲ್ಲ, ಮಾತಿಗೆ ಮಾತ್ರ ಕೊರತೆ. "ಊಟ ಆಯ್ತನಾ ಮಾಣಿ?" "ಹ್ಞಾಂ ಅಜ್ಜ." ಅಲ್ಲಿಗೆ ಮುಗೀತು. ವರ್ಷದಿಂದ ವರ್ಷಕ್ಕೆ ಅದೂ ಕಮ್ಮಿಯಾಗ್ತಾ ಬಂದಿತ್ತು. ಇನ್ನೆರಡು ಬೇಸಿಗೆ ಕಳೆದರೆ ಅವನು ಬರೋದೇ ನಿಲ್ಲಬಹುದು ಅನ್ನೋ ಭಯ ಅಮ್ಮನಿಗೆ.

ಹೋದ ವರ್ಷ ಜೂನ್ ಮೊದಲ ವಾರ ನಾನೂ ಊರಲ್ಲಿದ್ದೆ. ಮಳೆ ಹಿಡಿದು ಕರೆಂಟ್ ಹೋಯಿತು, ಹಿಂದೆಯೇ ನೆಟ್‌ವರ್ಕೂ ಹೋಯಿತು. ಪೆಟ್ಟಿಗೆ ತೆಗೆದೆ. ಚಾರ್ಜರ್ ಲೈಟಿನ ಬೆಳಕಲ್ಲಿ ನಾಲ್ಕು ಜನ ಜಗಲಿಯಲ್ಲಿ ಕೂತೆವು. ಪೆಟ್ಟಿಗೆಯೊಳಗೆ ಏನಿದ್ದರೆ ಚೆಂದ ಅನ್ನೋದು ನನಗೆ ಗೊತ್ತಾದದ್ದು ಅವತ್ತು.

ಮೊದಲನೆಯದು, ಯಾವುದನ್ನು ಮೊದಲು ಓದಬೇಕು ಅಂತ ಹೇಳುವ ಒಂದೇ ಒಂದು ಹಾಳೆ. 2011ರ 'ಪಾತ್‌ಫೈಂಡರ್ ಬಿಗಿನರ್ ಬಾಕ್ಸ್'ನಲ್ಲಿ ಇಂಥದೊಂದು ಹಾಳೆ ಇದೆ. ನಮ್ಮ ಕೆಲಸದಲ್ಲೂ ಅಷ್ಟೇ. ಹೊಸಬನ ಕೈಗೆ ಮುನ್ನೂರು ಪುಟದ ದಾಖಲೆ ಕೊಟ್ಟರೆ ಅವನು ಓಡಿಹೋಗ್ತಾನೆ, ಮೊದಲ ದಿನವೇ ಒಂದು ಪುಟ್ಟ ಪ್ರೋಗ್ರಾಂ ಓಡಿಸಿದರೆ ಉಳೀತಾನೆ.

ಎರಡನೆಯದು, ಸಿದ್ಧ ಪಾತ್ರಗಳು. ಪಾತ್ರವನ್ನು ಸೊನ್ನೆಯಿಂದ ಕಟ್ಟೋಕೆ ಕೂತರೆ ಒಂದು ಸಂಜೆ ಅದಕ್ಕೇ ಹೋಗುತ್ತೆ. 2014ರ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಸ್ಟಾರ್ಟರ್ ಸೆಟ್‌ನಲ್ಲಿ ಐದು ಪಾತ್ರಗಳು ಮೊದಲೇ ತಯಾರಿವೆ. ಬರೀ ಅಂಕಿ ಇದ್ದರೆ ಸಾಲದು, ಆ ಪಾತ್ರಕ್ಕೆ ಏನು ಬೇಕು ಅನ್ನೋದೂ ಇರಬೇಕು. ಅಪ್ಪಯ್ಯ ಎಲ್ಲ ಹಾಳೆ ತಿರುವಿಹಾಕಿ, ಮೂವತ್ತು ವರ್ಷ ಮೇಷ್ಟ್ರಾಗಿದ್ದವರು, ಕಳ್ಳನ ಪಾತ್ರ ಆರಿಸಿಕೊಂಡರು. ಅಮ್ಮ ಗಾಯ ವಾಸಿಮಾಡುವವಳಾದರು. ಮಾಣಿ ಯೋಧ.

ಮೂರನೆಯದು, ಎಲ್ಲರ ಕೈಗೂ ದಾಳ, ಜೊತೆಗೆ ದಾಳದ ಲೆಕ್ಕ ಬಿಡಿಸಿ ಹೇಳುವ ನಾಲ್ಕು ಸಾಲು. ಒಂದೇ ಜೊತೆ ದಾಳ ಕೈಯಿಂದ ಕೈಗೆ ಸುತ್ತುತ್ತಿದ್ದರೆ ಆಟ ಕುಂಟುತ್ತೆ. "ಇಪ್ಪತ್ತು ಮುಖದ ದಾಳ ಹಾಕಿ ಐದು ಕೂಡಿಸಬೇಕು, 15 ಮುಟ್ಟಿದರೆ ಬೀಗ ತೆರೆಯುತ್ತೆ" ಅಂದೆ. ಅಪ್ಪಯ್ಯ ಕ್ಷಣದಲ್ಲಿ, "ಹತ್ತರಿಂದ ಇಪ್ಪತ್ತು, ಹನ್ನೊಂದು ಮುಖ ನನ್ನ ಕಡೆ. ನೂರಕ್ಕೆ 55. ನೋಡನ," ಅಂದರು. ಬಿದ್ದದ್ದು ಮೂರು. ಮೊಮ್ಮಗ ಬಿದ್ದು ಬಿದ್ದು ನಕ್ಕ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ಆಡುವವರು ಪುಸ್ತಕದಲ್ಲಿ ಇಲ್ಲದ್ದನ್ನು ಮಾಡಿದರೆ ಏನು ಮಾಡಬೇಕು ಅನ್ನೋ ಸಹಾಯ. ಗವಿಯ ಬಾಗಿಲಲ್ಲಿ ಕಾವಲಿಗೆ ಒಬ್ಬ ಗಾಬ್ಲಿನ್ ನಿಂತಿದ್ದ. ಕುಳ್ಳ ರಕ್ಕಸ ಅಂದ್ಕೊಳ್ಳಿ. ಅವನ ಬಲ 7, ಕವಚ 15 ಅಂತ ಬರೆದಿತ್ತು. ಮಾಣಿ ಕತ್ತಿ ಎತ್ತಿದ. ಅಮ್ಮ ತಡೆದು, "ಇರಾ, ಅವನು ಈ ಮಳೇಲಿ ಒಬ್ಬನೇ ಯಾಕೆ ನಿಂತಿದಾನೆ ಅಂತ ಮೊದಲು ಕೇಳು. ಊಟ ಮಾಡಿದಾನಾ?" ಅಂದರು. ನನ್ನ ಪುಸ್ತಕದಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ಅವನನ್ನು ಕೊಲ್ಲೋಕೆ ಬೇಕಾದ ಅಂಕಿಗಳಿದ್ದವು, ಅವನ ಜೊತೆ ಮಾತಾಡೋಕೆ ಒಂದು ಸಾಲೂ ಇಲ್ಲ. ನಾನೇ ಹೊಳೆದದ್ದು ಹೇಳಿದೆ: ಮೂರು ದಿನದಿಂದ ಉಪವಾಸ, ಒಳಗಿರುವ ನಾಯಕನ ಹೆದರಿಕೆ. ಅಮ್ಮ ಅವನಿಗೆ ರೊಟ್ಟಿ ಕೊಟ್ಟು ಒಳದಾರಿ ತಿಳಕೊಂಡರು. ಹೀಗಾಗಿ ನನ್ನದೊಂದು ಬೇಡಿಕೆ. ಕಥೆಯಲ್ಲಿ ಬರುವ ಪ್ರತಿಯೊಬ್ಬನಿಗೂ, ಅವನಿಗೇನು ಬೇಕು, ಯಾವುದಕ್ಕೆ ಹೆದರ್ತಾನೆ ಅಂತ ಎರಡು ಸಾಲು ಬರೆದಿಡಿ. ಹೊಸ ಭಾಗವತನಿಗೆ ಹತ್ತು ಪುಟದ ಯುದ್ಧದ ನಿಯಮಕ್ಕಿಂತ ಆ ಎರಡು ಸಾಲು ಹೆಚ್ಚು ಕೆಲಸಕ್ಕೆ ಬರುತ್ತೆ. ಕಥೆಯೂ ಚಿಕ್ಕದಿರಲಿ. ಊಟಕ್ಕೆ ಏಳುವ ಮುಂಚೆ ಒಂದು ಘಟ್ಟ ಮುಟ್ಟಬೇಕು.

ಐದನೆಯದು ಭಾಷೆ. ಮರುದಿನ ಸಂಜೆ ಮಾಣಿ, "ಮಾವ, ಇವತ್ತು ನಾನು ನಡೆಸ್ತೀನಿ" ಅಂದ. ಪುಸ್ತಕ ಇಂಗ್ಲಿಷಿನಲ್ಲಿ, ಕೇಳುವ ಅಜ್ಜ ಅಮ್ಮಮ್ಮ ಕನ್ನಡದಲ್ಲಿ. ಅವನಿಗೆ ಕನ್ನಡದಲ್ಲೇ ಹೇಳದೆ ಬೇರೆ ದಾರಿ ಇರಲಿಲ್ಲ. 'ಆಂಬುಷ್'ಗೆ ಬಂದು ನಿಂತುಬಿಟ್ಟ. ಕೈಯಾಡಿಸಿ ತೋರಿಸಿದ: ಮರದ ಹಿಂದೆ ಅಡಗಿ, ಸಡನ್ನಾಗಿ ಬಂದು. "ಹೊಂಚು ಹಾಕಿದ್ರು ಅನ್ನು," ಅಂದರು ಅಪ್ಪಯ್ಯ. ಅವನು ಹಾಳೆಯ ಅಂಚಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಅದನ್ನು ಬರಕೊಂಡ. ರಾತ್ರಿ ಮುಗಿಯೋ ಹೊತ್ತಿಗೆ ಆ ಅಂಚಿನಲ್ಲಿ ಹದಿನೈದಿಪ್ಪತ್ತು ಶಬ್ದಗಳಿದ್ದವು. ಸುರಂಗ, ಪಹರೆ, ಸೆರೆ, ಒಪ್ಪಂದ. ಯಾರೂ ಪಾಠ ಮಾಡಲಿಲ್ಲ. ಕಥೆ ಮುಂದೆ ಹೋಗಬೇಕಿತ್ತು, ಅದಕ್ಕೆ ಶಬ್ದ ಬೇಕಿತ್ತು. ಅವನು ಪುಣೆಗೆ ಹೋದ ಮೇಲೂ ಭಾನುವಾರ ಫೋನ್ ಬರುತ್ತೆ. ಈಗ ಕೇಳೋದು ಊಟದ ಸುದ್ದಿ ಅಲ್ಲ, "ಅಜ್ಜ, ನಿನ್ನ ಕಳ್ಳ ಈಗ ಏನ್ ಮಾಡ್ತಾನೆ?"

ಇಂಥ ಪೆಟ್ಟಿಗೆ ಕನ್ನಡದಲ್ಲೇ ಬರೋದು ಕಷ್ಟವೇನಲ್ಲ. 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್'ನ ಮುಖ್ಯ ನಿಯಮಗಳ ದಾಖಲೆಯನ್ನು (ಎಸ್‌ಆರ್‌ಡಿ 5.1) ಪ್ರಕಾಶಕರು 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಡುಗಡೆ ಮಾಡಿದ್ದಾರೆ. ಮೂಲ ಯಾವುದು ಅಂತ ಹೇಳಿದರೆ ಯಾರು ಬೇಕಾದರೂ ಅನುವಾದಿಸಬಹುದು, ಅಚ್ಚು ಹಾಕಿಸಿ ಮಾರಲೂಬಹುದು. ಅಷ್ಟೂ ಬೇಕಿಲ್ಲ. ಮೂವತ್ತು ಪುಟದ ನಿಯಮ, ನಮ್ಮದೇ ಕಾಡು-ಘಟ್ಟದ ಒಂದು ಕಥೆ, ಐದು ಪಾತ್ರ, ಒಂದು ಹಿಡಿ ದಾಳ ಸಾಕು.

ಅಲ್ಲಿಯವರೆಗೆ, ಅಂಗಡಿಯಲ್ಲಿ ಇಂಥ ಪೆಟ್ಟಿಗೆ ಕಂಡರೆ ಮೇಲಿನ ಚಿತ್ರ ನೋಡಿ ಕೊಳ್ಳಬೇಡಿ. ಒಂದೇ ಪ್ರಶ್ನೆ ಕೇಳಿಕೊಳ್ಳಿ: ಮೊದಲ ದಿನ ನೀವು ನಡೆಸಿದ ಆಟವನ್ನು ಎರಡನೇ ದಿನ ಮನೆಯ ಇನ್ನೊಬ್ಬರು ನಡೆಸಬಹುದೇ? ಹೌದು ಅನ್ನಿಸಿದರೆ ಧೈರ್ಯವಾಗಿ ತನ್ನಿ.