ಕಿವಿಗೆ ಕಾಣುವ ಸೇತುವೆ
ಸವಣೂರೆಂದೊಡನೆ ಹಲವರಿಗೆ ನವಾಬರು ನೆನಪಾಗುವರು. ಆ ಸವಣೂರು ಹಾವೇರಿ ಜಿಲ್ಲೆಯದು. ಇದು ಪುತ್ತೂರಿನಿಂದ ಕಾಣಿಯೂರಿಗೆ ಹೋಗುವ ಹಾದಿಯಲ್ಲಿ, ಅಡಿಕೆ ತೋಟಗಳ ಸೀಮೆಯಲ್ಲಿರುವ ಊರು. ಮೊದಲು ಪುತ್ತೂರು ತಾಲ್ಲೂಕಿನದು, ಈಗ ಕಡಬದ್ದು.

ಪತ್ತನಾಜೆ ಕಳೆದು ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಈ ಕಡೆಯಲ್ಲಿ ತಾಳಮದ್ದಳೆಯ ಕಾಲ. ವೇಷವಿಲ್ಲ, ಕುಣಿತವಿಲ್ಲ; ಭಾಗವತರ ಪದ, ಚೆಂಡೆ ಮದ್ದಳೆ, ಕುಳಿತು ಅರ್ಥ ಹೇಳುವವರ ಮಾತು, ಇಷ್ಟೇ. ‘ಶರಸೇತು ಬಂಧನ’ ಪ್ರಸಂಗದಲ್ಲಿ ಅರ್ಜುನನು ಬಾಣಗಳಿಂದಲೇ ಸೇತುವೆ ಕಟ್ಟುವೆನೆಂದು ಜಂಬ ಕೊಚ್ಚುತ್ತಾನೆ. ಮುದಿ ಕಪಿಯಂತೆ ಕುಳಿತ ಹನುಮಂತನು ಅದನ್ನು ಮುರಿದು ಕೆಡವುತ್ತಾನೆ. ಕಣ್ಣೆದುರು ಕಡಲಿಲ್ಲ, ಬಾಣವಿಲ್ಲ. ಪಂಚೆಯುಟ್ಟ ಇಬ್ಬರ ಮಾತಿನ ಚಕಮಕಿ ಮಾತ್ರ. ಆದರೂ ಸಭೆ ನಗುವುದು, ಸೇತುವೆ ಕುಸಿದಾಗ ಬೆಚ್ಚುವುದು.

ಅರ್ಥಗಾರಿಕೆಯಲ್ಲಿ ಹೆಸರಾದ ಶೇಣಿ ಗೋಪಾಲಕೃಷ್ಣ ಭಟ್ಟರು 2006ರಲ್ಲಿ ತೀರಿಕೊಂಡರು. ಅವರ ದನಿಯನ್ನು ಇಂದಿಗೂ ಕೇಳಬಹುದು. ಹಿಂದೆ ಕ್ಯಾಸೆಟ್ಟು, ಈಗ ಮೊಬೈಲು. ಅಡಿಕೆ ಸುಲಿಯುವ ಕೈಗಳಿಗೆ ಇದಕ್ಕಿಂತ ಒಳ್ಳೆಯ ಸಂಗಾತಿ ಉಂಟೇ! ಆದರೆ ಅರ್ಥಕ್ಕೆ ಬರೆದಿಟ್ಟ ಪಾಠವಿಲ್ಲ. ಎದುರಾಳಿಯ ಮಾತಿಗೆ ಅಲ್ಲೇ ಹುಟ್ಟಿದ ಉತ್ತರವದು. ಧ್ವನಿಮುದ್ರಿಕೆಯಲ್ಲಿ ಹನುಮಂತನು ಪ್ರತಿ ಸಲವೂ ಅದೇ ಮಾತಿನಿಂದ ಗೆಲ್ಲುತ್ತಾನೆ. ಚಾವಡಿಯಲ್ಲಾದರೋ ಒಮ್ಮೊಮ್ಮೆ ಅರ್ಜುನನ ಮಾತೇ ಮೇಲಾಗಿ, ಹನುಮಂತನು ಗೆದ್ದೂ ಸೋಲುವುದುಂಟು. ಅದನ್ನು ಕೇಳಬೇಕಾದರೆ ಮಳೆಯಲ್ಲಿ ಕೊಡೆ ಹಿಡಿದು ಹೋಗಲೇಬೇಕು.