ಹೊಸ ಸ್ಕೂಟರು, ಹಳೇ ಕ್ಯಾಂಪು

ಪುಣೆಗೆ ಬಂದು ಹನ್ನೊಂದು ವರ್ಷವಾಯಿತು. ಊರಿನಿಂದ ನೆಂಟರು ಬಂದರೆ ಕ್ಯಾಂಪ್ ತೋರಿಸುವ ಕೆಲಸ ನನ್ನದೇ. ಈಸ್ಟ್ ಸ್ಟ್ರೀಟಿನ ಕಯಾನಿ ಬೇಕರಿಯ ಮುಂದೆ ಸಾಲಿನಲ್ಲಿ ನಿಂತು ಶ್ರೂಸ್‌ಬರಿ ಬಿಸ್ಕತ್ತು ಕೊಳ್ಳುವುದು, ಬುಧಾನಿಯ ಆಲೂಗಡ್ಡೆ ವೇಫರ್ಸ್ ಕಟ್ಟಿಸಿಕೊಳ್ಳುವುದು, ಹಳಬರು ಇನ್ನೂ ಮೇನ್ ಸ್ಟ್ರೀಟ್ ಎಂದೇ ಕರೆಯುವ ಎಂ.ಜಿ. ರಸ್ತೆಯಲ್ಲಿ ಒಂದು ಸುತ್ತು, ಡೇವಿಡ್ ಸಸೂನ್ ಕಟ್ಟಿಸಿದ ಕೆಂಪು ಇಟ್ಟಿಗೆಯ ಯಹೂದಿ ಮಂದಿರದ ಎದುರು ಒಂದು ಫೋಟೋ. ಅಲ್ಲಿಗೆ ನೆಂಟರ ಕ್ಯಾಂಪ್ ಮುಗಿಯಿತು. ಕಯಾನಿ ಮಧ್ಯಾಹ್ನ ಬಾಗಿಲು ಹಾಕುತ್ತದೆ ಎನ್ನುವುದನ್ನು ಮಾತ್ರ ನೀವು ನೆನಪಿಟ್ಟುಕೊಳ್ಳಬೇಕು.

ನಾನು ಹೇಳಹೊರಟಿರುವ ಕ್ಯಾಂಪ್ ಇದಲ್ಲ. ಕ್ವಾರ್ಟರ್ ಗೇಟಿನ ಕಡೆಗೆ ಹೋದಂತೆ ಬೇಕರಿಗಳ ಬೆಣ್ಣೆ ವಾಸನೆ ಕಡಿಮೆಯಾಗಿ ಗ್ರೀಸಿನ ವಾಸನೆ ಶುರುವಾಗುತ್ತದೆ. ಅಲ್ಲಿಂದ ಮುಂದೆ ನಾನಾ ಪೇಠ್. ಪುಣೆಯ ಟೂ ವೀಲರ್ ಬಿಡಿಭಾಗಗಳೆಲ್ಲ ಸಿಗುವುದು ಅಲ್ಲೇ. ಕನ್ನಡಿ, ಕೇಬಲ್, ಸೀಟ್ ಕವರ್, ಹಾರ್ನ್, ಬ್ರೇಕ್ ಶೂ ಎಲ್ಲ ಬಾಗಿಲಿನಿಂದ ರಸ್ತೆಯವರೆಗೆ ತೂಗುತ್ತಿರುತ್ತವೆ. ಇವೆರಡರ ನಡುವಿನ ಗಲ್ಲಿಗಳಲ್ಲಿ ಆಟೋ ಎಲೆಕ್ಟ್ರಿಷಿಯನ್‌ಗಳು ಕೂತಿರುತ್ತಾರೆ. ನೆಂಟರನ್ನು ಯಾರೂ ಅಲ್ಲಿಗೆ ಕರೆದುಕೊಂಡು ಹೋಗುವುದಿಲ್ಲ. ನನ್ನನ್ನು ಕರೆದುಕೊಂಡು ಹೋದದ್ದು ನಮ್ಮ ಸ್ಕೂಟರು.

ಅದಕ್ಕಾಗ ಎರಡು ತಿಂಗಳು. ಪೆಟ್ರೋಲ್ ಸ್ಕೂಟರು, ಕಂಪನಿಯ ಹೆಸರು ಇಲ್ಲಿ ಬೇಡ. ನನ್ನ ಹೆಂಡತಿ ಕ್ಯಾಂಪಿನ ಒಂದು ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ವಾರದಲ್ಲಿ ಮೂರು ದಿನ ಶಿಫ್ಟ್ ಮುಗಿಯುವುದು ರಾತ್ರಿ ಹತ್ತಕ್ಕೆ. ಮನೆ ಹಡಪ್ಸರ್. ಪುಲ್‌ಗೇಟ್, ಗೋಳಿಬಾರ್ ಮೈದಾನ ದಾಟಿ ಫಾತಿಮಾ ನಗರದ ಮೇಲೆ ಸೋಲಾಪುರ ರಸ್ತೆ ಹಿಡಿಯಬೇಕು. ಆ ಹೊತ್ತಿಗೆ ಲಾರಿಗಳು ಜೋರಾಗಿರುತ್ತವೆ. ಮೊದಲ ಸಲ ಗಾಡಿ ನಿಂತದ್ದು ಒಂದು ಸ್ಪೀಡ್ ಬ್ರೇಕರಿನ ಮೇಲೆ, ತಾನಾಗಿಯೇ ಮತ್ತೆ ಶುರುವಾಯಿತು. ಎರಡನೆಯ ಸಲ ಸಿಗ್ನಲ್ಲಿನಲ್ಲಿ. ಮೂರನೆಯದು ಹಡಪ್ಸರ್ ಫ್ಲೈಓವರಿನ ಮೇಲೆ. ಎಂಜಿನ್, ಹೆಡ್‌ಲೈಟ್, ಹಿಂದಿನ ಕೆಂಪು ದೀಪ ಎಲ್ಲ ಒಟ್ಟಿಗೇ ಆರಿದವು. ಹಿಂದೆ ಬರುತ್ತಿದ್ದ ಟೆಂಪೋದವನು ಹಾರ್ನ್ ಹೊಡೆಯುತ್ತಲೇ ಪಕ್ಕಕ್ಕೆ ತಿರುಗಿಸಿಕೊಂಡ. ಅವತ್ತು ಮನೆಗೆ ಬಂದವಳು ಕೀಯನ್ನು ಮೇಜಿನ ಮೇಲಿಟ್ಟು, "ಇನ್ಮೇಲೆ ನಾನು ಇದನ್ನ ರಾತ್ರಿ ಓಡಿಸಲ್ಲ" ಅಂದಳು. ಲ್ಯಾಬಿನವರು ರಾತ್ರಿ ಶಿಫ್ಟಿಗೆ ಗಾಡಿ ಕಳಿಸುವುದಿಲ್ಲ. ವಾರಕ್ಕೆ ಮೂರು ರಾತ್ರಿ ಆಟೋ ಲೆಕ್ಕ ಹಾಕಿದರೆ ಆ ಕೆಲಸವನ್ನೇ ಬಿಡುವ ಮಾತು ಬರುತ್ತದೆ, ಬಂತು ಕೂಡ.

ಶೋರೂಮಿನಲ್ಲಿ ಮೊದಲ ಸಲ ಬ್ಯಾಟರಿ ಬದಲಿಸಿದರು. ಎರಡನೆಯ ಸಲ ಸ್ಕ್ಯಾನರ್ ಚುಚ್ಚಿ, "ಯಾವ ಎರರ್ ಕೋಡೂ ಇಲ್ಲ, ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದ್ದೇವೆ" ಎಂದು ಕಳಿಸಿದರು. ನಾನು ಹೊಟ್ಟೆಪಾಡಿಗೆ ಸಾಫ್ಟ್‌ವೇರ್ ಬರೆಯುವವನು. ಕಾರಣ ಸಿಗದಿದ್ದಾಗ ಗಿರಾಕಿಗೆ ಯಾವ ಉತ್ತರ ಹೋಗುತ್ತದೆಂದು ನನಗೆ ಗೊತ್ತು. ಸರ್ವರ್‌ನ ಕರೆಂಟೇ ಹೋದರೆ ಲಾಗ್ ಫೈಲಿನಲ್ಲಿ ಏನೂ ಬರೆದಿರುವುದಿಲ್ಲ, ಬರೆಯಬೇಕಾದದ್ದೇ ಸತ್ತಿರುತ್ತದೆ. ಗಾಡಿಯ ಇಸಿಯು ಕಥೆಯೂ ಅದೇ.

ಕ್ವಾರ್ಟರ್ ಗೇಟ್ ಬಳಿಯ ಅಂಗಡಿಯನ್ನು ತೋರಿಸಿದ್ದು ನಮ್ಮ ಆಫೀಸಿನ ಸೆಕ್ಯೂರಿಟಿಯವರು. ಅಂಗಡಿ ಎಂದರೆ ಆರಡಿ ಅಗಲದ ಗೂಡು. ಗೋಡೆಯ ತುಂಬ ಬಣ್ಣಬಣ್ಣದ ವೈರಿನ ಸುರುಳಿಗಳು, ಒಂದು ಸ್ಟೂಲು, ಒಂದು ಬಲ್ಬಿಗೆ ಎರಡು ವೈರು ಕಟ್ಟಿದ ಟೆಸ್ಟ್ ಲ್ಯಾಂಪು. ಅರವತ್ತು ದಾಟಿದ ಮಿಸ್ತ್ರಿ. ನಾನು ಹಿಂದಿಯಲ್ಲಿ ವಿವರಿಸುತ್ತಿದ್ದೆ. ನಡುವೆ ಮನೆಯಿಂದ ಫೋನ್ ಬಂತು, ಕನ್ನಡದಲ್ಲಿ ಮಾತಾಡಿ ಇಟ್ಟೆ. ಮಿಸ್ತ್ರಿ ತಲೆ ಎತ್ತಿದರು.

"ಯಾವ ಕಡೆಯವರ್ರಿ ಸರ?"

ದಾವಣಗೆರೆ ಎಂದೆ. ಅವರದು ಆಳಂದ ತಾಲ್ಲೂಕು. 1980ರ ದಶಕದಲ್ಲಿ ಇದೇ ಸೋಲಾಪುರ ರಸ್ತೆಯಲ್ಲಿ ಲಾರಿ ಹತ್ತಿ ಬಂದವರು. ಪುಲ್‌ಗೇಟಿನಲ್ಲಿ ಇಳಿದು ಕ್ಯಾಂಪಿನಲ್ಲೇ ಉಳಿದರು. ಪುಣೆಯಿಂದ ಕಲಬುರಗಿ, ವಿಜಯಪುರಗಳಿಗೆ ದಾರಿ ಅದೇ. ಆ ಕಡೆಯಿಂದ ಬಂದ ಕನ್ನಡಿಗರಿಗೆ ಈ ಊರಿನ ಬಾಗಿಲೆಂದರೆ ಕ್ಯಾಂಪ್. ಕರ್ವೆ ರಸ್ತೆ, ಕೋಥ್ರೂಡ್ ಕಡೆಯ ನಮ್ಮಂಥ ಕನ್ನಡಿಗರ ಲೆಕ್ಕಕ್ಕೆ ಅವರು ಸುಲಭವಾಗಿ ಸಿಗುವುದಿಲ್ಲ.

ಅಲ್ಲಿಂದ ಮುಂದೆ ನಾನು ಅವರನ್ನು ಕಾಕಾ ಅನ್ನತೊಡಗಿದೆ. ಅವರು ಗಾಡಿಯನ್ನು ಮುಟ್ಟುವ ಮೊದಲು ಕೇಳಿದ್ದು ಒಂದೇ ಪ್ರಶ್ನೆ.

"ಗಾಡಿ ನಿಂತಾಗ ಮೀಟರಿನ್ಯಾಗ ಗಡಿಯಾರ ಏನ್ ತೋರಸ್ತದ?"

ನನ್ನ ಹೆಂಡತಿಗೆ ಫೋನ್ ಮಾಡಿ ಕೇಳಿದೆ. ಪ್ರತಿ ಸಲವೂ ಗಡಿಯಾರ ಮೊದಲಿಗೆ ಹೋಗಿರುತ್ತದೆ, ತಾನೇ ಮತ್ತೆ ಸಮಯ ಹೊಂದಿಸಿಕೊಳ್ಳುತ್ತೇನೆ ಅಂದಳು. ಶೋರೂಮಿನಲ್ಲಿ ಇದನ್ನು ಯಾರೂ ಅವಳನ್ನು ಕೇಳಿರಲಿಲ್ಲ.

ಕಾಕಾ ತಲೆಯಾಡಿಸಿದರು. ಕೀ ಆಫ್ ಮಾಡಿದರೂ ಗಡಿಯಾರಕ್ಕೆ ಬ್ಯಾಟರಿಯಿಂದ ನೇರ ಕರೆಂಟು ಹೋಗುತ್ತಲೇ ಇರುತ್ತದೆ. ಅದೂ ಸತ್ತಿತೆಂದರೆ ಕೀ ಸ್ವಿಚ್ಚಲ್ಲ, ಸೈಡ್ ಸ್ಟ್ಯಾಂಡ್ ಸ್ವಿಚ್ಚಲ್ಲ, ಇಸಿಯು ಅಲ್ಲ, ಪೆಟ್ರೋಲ್ ಪಂಪೂ ಅಲ್ಲ. ಅವೆಲ್ಲಕ್ಕೂ ಮೊದಲೇ ಎಲ್ಲೋ ತುಂಡಾಗುತ್ತಿದೆ. ಆ ಜಾಗದಲ್ಲಿ ಇರುವುದು ಮೂರೇ: ಬ್ಯಾಟರಿಯ ಎರಡು ತುದಿ, ಬಾಡಿಗೆ ಹೋಗುವ ಅರ್ಥ್ ವೈರು, ಮೇನ್ ಫ್ಯೂಸು. ಇಡೀ ಗಾಡಿಯ ವೈರಿಂಗು ಒಂದು ಪ್ರಶ್ನೆಯಲ್ಲಿ ಒಂದು ಗೇಣಿಗೆ ಇಳಿಯಿತು. ನಾನು ಕೂತು ಕೆಲಸ ಮಾಡುವ ಕಟ್ಟಡದಲ್ಲಿ ಇಂಥ ಪ್ರಶ್ನೆ ಕೇಳುವವರು ಎಷ್ಟು ಮಂದಿ ಎಂದು ಎಣಿಸಿದೆ. ಒಂದು ಕೈ ಬೆರಳು ಸಾಕಾದವು.

ಮಲ್ಟಿಮೀಟರ್ ಹಚ್ಚಿದರು. ಬ್ಯಾಟರಿ 12.7 ವೋಲ್ಟ್. ಎಂಜಿನ್ ಶುರು ಮಾಡಿದಾಗ 14.1. ಬ್ಯಾಟರಿಯೂ ಚೆನ್ನಾಗಿದೆ, ಚಾರ್ಜಿಂಗೂ ಚೆನ್ನಾಗಿದೆ. "ಬ್ಯಾಟರಿ ಚಲೋ ಅದರಿ. ಮೊದಲಿಂದೂ ಚಲೋನೇ ಇದ್ದಿರಬೇಕು." ಮೀಟರಿನ ಒಂದು ಮುಳ್ಳನ್ನು ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದನ್ನು ಎಂಜಿನ್ ಬಾಡಿಗೆ ಇಟ್ಟು ಸೆಲ್ಫ್ ಒತ್ತಿಸಿದರು. 0.1 ವೋಲ್ಟ್. ಅರ್ಥ್ ಸರಿಯಿದೆ. ಉಳಿದದ್ದು ಮೇನ್ ಫ್ಯೂಸ್.

ಫ್ಯೂಸ್ ಸುಟ್ಟಿರಲಿಲ್ಲ. ಶೋರೂಮಿನವರೂ ಅದನ್ನು ನೋಡಿಯೇ ಇದ್ದರು. ಫ್ಯೂಸಿನ ಆಚೆ ಬದಿಯಲ್ಲಿ ಅಳೆದರೂ 12.7 ಪೂರ್ತಿ ಬರುತ್ತಿತ್ತು. ಇಲ್ಲೇ ಇರುವುದು ಗುಟ್ಟು. ಮೀಟರು ತನಗಾಗಿ ಕರೆಂಟನ್ನು ಎಳೆಯುವುದೇ ಇಲ್ಲ ಅನ್ನಬಹುದು. ನಲ್ಲಿ ಮುಚ್ಚಿದ್ದಾಗ ಕಸ ಕಟ್ಟಿದ ಪೈಪಿನಲ್ಲೂ ನೀರಿನ ಒತ್ತಡ ಪೂರ್ತಿ ಇರುತ್ತದಲ್ಲ, ಹಾಗೆ. ನಲ್ಲಿ ತಿರುಗಿಸಿದಾಗಲೇ ಬಂಡವಾಳ ಗೊತ್ತಾಗುವುದು. ಕಾಕಾ ಎಂಜಿನ್ ಶುರು ಮಾಡಿಸಿ, ಹೆಡ್‌ಲೈಟ್, ಬ್ರೇಕ್ ಲೈಟ್, ಇಂಡಿಕೇಟರ್ ಎಲ್ಲ ಹಾಕಿಸಿ, ಮೀಟರಿನ ಎರಡೂ ಮುಳ್ಳುಗಳನ್ನು ಫ್ಯೂಸಿನ ಆಚೆ ಈಚೆಯ ವೈರುಗಳಿಗೆ ಚುಚ್ಚಿದರು. ಅಲ್ಲಿ ಸೊನ್ನೆಗೆ ಹತ್ತಿರ ಇರಬೇಕು. 0.8 ತೋರಿಸಿತು. ಸ್ಕ್ರೂಡ್ರೈವರಿನ ಹಿಡಿಯಿಂದ ಫ್ಯೂಸ್ ಬಾಕ್ಸಿಗೆ ಮೆಲ್ಲಗೆ ಕುಟ್ಟಿದರು. ಎಂಜಿನ್ ಸತ್ತಿತು, ದೀಪಗಳು ಆರಿದವು, ಗಡಿಯಾರ 12:00ಕ್ಕೆ ಹೋಯಿತು.

ಹೊಳೆಯುವ ಹೊಸ ಗಾಡಿ ಆ ಗಲ್ಲಿಯಲ್ಲಿ ಹಾಗೆ ನಿಂತದ್ದನ್ನು ನೋಡಿ ನನಗೆ ಸಿಟ್ಟಿಗಿಂತ ಹೆಚ್ಚಾಗಿ ನೆಮ್ಮದಿ ಬಂತು.

ಫ್ಯೂಸ್ ಕಿತ್ತು ತೋರಿಸಿದರು. ಕೊಳ್ಳುವಾಗ ಶೋರೂಮಿನವರು ಕಳ್ಳತನ ತಡೆಯುವ ಅಲಾರಂ ಹಾಕಿಕೊಟ್ಟಿದ್ದರು, ಬಿಲ್ಲಿನಲ್ಲೂ ಅದಿತ್ತು. ಅದರ ವೈರನ್ನು ಸರಿಯಾದ ಕಪ್ಲರಿಗೆ ಕೊಡುವ ಬದಲು ಸುಲಿದು, ಮೇನ್ ಫ್ಯೂಸಿನ ಕಾಲಿನ ಜೊತೆ ಅದೇ ಸಂದಿಗೆ ತುರುಕಿದ್ದರು. ಸಂದಿಯ ಹಿತ್ತಾಳೆ ತುಟಿಗಳು ಅಗಲವಾಗಿ, ಫ್ಯೂಸಿನ ಕಾಲನ್ನು ಹಿಡಿಯುವ ಬಿಗಿ ಹೋಗಿತ್ತು. ಪ್ಲಾಸ್ಟಿಕ್ ಕಂದು ತಿರುಗಿತ್ತು. ಲೆಕ್ಕ ಹಾಕಿ ನೋಡಿ: ನಾಲ್ಕು ಆಂಪಿಯರ್ ಹರಿಯುವಾಗ 0.8 ವೋಲ್ಟ್ ಬಿದ್ದರೆ ಆ ಪುಟ್ಟ ಸಂದಿಯಲ್ಲಿ ಮೂರು ವಾಟಿಗಿಂತ ಹೆಚ್ಚು ಶಾಖ. ಹಳ್ಳ ಬಂದಾಗ ಸಂದಿ ಬಿಡುತ್ತದೆ, ಆಮೇಲೆ ತಾನೇ ಕೂಡುತ್ತದೆ.

"ಹೊಸಾ ಗಾಡ್ಯಾಗ ಸಾಮಾನು ಕೆಡಂಗಿಲ್ರಿ. ಕೂಡೂ ಜಾಗ ಕೆಡ್ತದ," ಅಂದರು. "ಅದನ್ನ ನೋಡಬೇಕಂದ್ರ ಕೈ ಹಚ್ಚಬೇಕು. ಹೊಸಾದು ಅಂತ ಎಲ್ಲಾರೂ ಅಂಜತಾರ."

ಅಪ್ಪನ ಹತ್ತಿರ ಚೇತಕ್ ಇತ್ತು, ಇದೇ ಪುಣೆಯ ಆಕುರ್ಡಿಯಲ್ಲಿ ತಯಾರಾದದ್ದು. ಮುಂಜಾನೆ ಒಂದು ಕಡೆ ವಾಲಿಸಿ ಕಿಕ್ ಹೊಡೆಯುತ್ತಿದ್ದರು. ಎಂಜಿನ್ ತಿರುಗಿದರೆ ಮ್ಯಾಗ್ನೆಟೋ ತಾನೇ ಕಿಡಿ ಕೊಡುತ್ತಿತ್ತು. ಕಾಕಾ ಕಲಿತದ್ದೂ ಅಂಥ ಗಾಡಿಗಳ ಮೇಲೆ. ಕೈನೆಟಿಕ್ ಹೋಂಡಾ ಬಂದು ಸೆಲ್ಫ್ ಬಟನ್ ಬಂದಾಗ ಬ್ಯಾಟರಿ ಕೆಲಸ ಹೆಚ್ಚಾಯಿತಂತೆ. 2017ರ ಏಪ್ರಿಲ್‌ನಿಂದ ಹೊಸ ಟೂ ವೀಲರಿನ ಹೆಡ್‌ಲೈಟ್ ಹಗಲೂ ಉರಿಯಲೇಬೇಕಾಯಿತು. 2020ರ ಏಪ್ರಿಲ್‌ನಲ್ಲಿ ಬಿಎಸ್ 6 ಬಂದ ಮೇಲೆ ಕಾರ್ಬ್ಯುರೇಟರ್ ಹೋಗಿ ಫ್ಯುಯೆಲ್ ಇಂಜೆಕ್ಷನ್ ಬಂತು. ಈಗ ಪೆಟ್ರೋಲನ್ನು ಎಂಜಿನ್ನಿಗೆ ತಳ್ಳುವುದಕ್ಕೂ ಕರೆಂಟು ಬೇಕು. ಚೇತಕ್‌ನಲ್ಲಿ ದೀಪವೊಂದನ್ನು ಮಂಕು ಮಾಡಬಹುದಾಗಿದ್ದ ಸಡಿಲ ಸಂದಿ ಈಗ ನಡುರಸ್ತೆಯಲ್ಲಿ ಗಾಡಿಯನ್ನೇ ನಿಲ್ಲಿಸುತ್ತದೆ. ಹೊಗೆ ಕಡಿಮೆಯಾಯಿತು, ಅದು ಬೇಕಾಗಿತ್ತು. ಆದರೆ ಹೊಸ ಗಾಡಿಗೆ ಅಲಾರಂ, ಮೊಬೈಲ್ ಚಾರ್ಜರ್, ಫಾಗ್ ಲೈಟ್ ಎಂದು ಡೆಲಿವರಿಯ ಹಿಂದಿನ ಸಂಜೆ ವೈರು ಚುಚ್ಚುವ ಹುಡುಗನಿಗೆ ಇದನ್ನು ಯಾರೂ ಹೇಳಿಕೊಟ್ಟಿಲ್ಲ.

ಕಾಕಾ ಅಲಾರಮ್ಮಿನ ವೈರು ತೆಗೆದು ಟೇಪ್ ಸುತ್ತಿದರು. ದಬ್ಬಳದಂಥ ಒಂದು ಸಾಧನ ತೂರಿಸಿ ಹಿತ್ತಾಳೆ ತುಟಿಗಳನ್ನು ಒಳಗೆ ಒತ್ತಿ, ಹೊಸ ಫ್ಯೂಸ್ ಹಾಕಿದರು. ಮತ್ತೆ ಅಳೆದಾಗ 0.04. ಎಷ್ಟು ಕುಟ್ಟಿದರೂ ಎಂಜಿನ್ ನಿಲ್ಲಲಿಲ್ಲ. ಆಮೇಲೆ ನನ್ನ ಫೋನಿನಲ್ಲಿ ಕಂದು ತಿರುಗಿದ ಫ್ಯೂಸ್ ಬಾಕ್ಸಿನ ಫೋಟೋ ತೆಗೆಸಿದರು. "ಇದು ಸದ್ಯಕ್ಕ. ಬಾಕ್ಸ್ ಬದಲಿ ಮಾಡಸ್ರಿ. ಬಿಲ್ಲಿನ್ಯಾಗ ಅಲಾರಂ ಅವರದೇ ಅದ, ವಾರಂಟಿ ಇಲ್ಲ ಅನ್ನಲಿಕ್ಕೆ ಬರಂಗಿಲ್ಲ." ನೂರೈವತ್ತು ರೂಪಾಯಿ ತೆಗೆದುಕೊಂಡರು. ಹೆಚ್ಚು ಕೊಡಲು ಹೋದರೆ, "ಊರ ಕಡಿ ಮಂದಿ" ಎಂದು ಕೈ ಅಡ್ಡ ಹಿಡಿದರು.

ಶೋರೂಮಿನಲ್ಲಿ ಮ್ಯಾನೇಜರ್ ಫೋಟೋ ನೋಡಿ, ಬಿಲ್ ನೋಡಿ, ಹೊರಗಿನವರಿಂದ ಗಾಡಿ ಬಿಚ್ಚಿಸಿದ್ದೀರಿ ಎಂದು ಶುರು ಮಾಡಿದರು. ಅಲಾರಂ ಹಾಕಿದವರು ಯಾರು ಎಂದು ಕೇಳಿದೆ. ಆ ಮಾತು ಅಲ್ಲಿಗೆ ನಿಂತಿತು. ಹತ್ತು ದಿನಕ್ಕೆ ಭಾಗ ಬಂತು, ಹಣ ಕೇಳಲಿಲ್ಲ. ಬದಲಿಸುವಾಗ ನಾನೂ ಪಕ್ಕದಲ್ಲೇ ನಿಂತಿದ್ದೆ. ಮುಗಿದ ಮೇಲೆ, ಎಂಜಿನ್ ಓಡುತ್ತಿರುವಾಗ ಫ್ಯೂಸಿನ ಆಚೆ ಈಚೆ ಅಳೆಯಿರಿ ಎಂದೆ. ಹುಡುಗ ನನ್ನನ್ನೊಮ್ಮೆ, ಮ್ಯಾನೇಜರನ್ನೊಮ್ಮೆ ನೋಡಿ ಅಳೆದ. 0.03.

ಅವಳು ಮೊದಲ ವಾರ ಹಗಲು ಮಾತ್ರ ಓಡಿಸಿದಳು. ಎರಡನೆಯ ವಾರ ಒಂದು ರಾತ್ರಿ ನಾನು ಬೈಕಿನಲ್ಲಿ ಹಿಂದೆ ಬಂದೆ, ಪುಲ್‌ಗೇಟಿನಿಂದ ಫ್ಲೈಓವರ್ ಇಳಿಯುವವರೆಗೂ ಅವಳ ಹಿಂದಿನ ಕೆಂಪು ದೀಪವನ್ನೇ ನೋಡುತ್ತ. ಆಮೇಲಿಂದ ಒಬ್ಬಳೇ ಬರುತ್ತಾಳೆ. ಗಾಡಿ ನಿಲ್ಲಿಸಿದ ಮೇಲೆ ಮೀಟರಿನ ಗಡಿಯಾರವನ್ನು ಒಮ್ಮೆ ಕೈಗಡಿಯಾರದ ಜೊತೆ ಹೋಲಿಸಿ ನೋಡುತ್ತಾಳೆ. ನಾಲ್ಕು ತಿಂಗಳಿನಿಂದ ಎರಡೂ ಒಂದೇ ಸಮಯ ತೋರಿಸುತ್ತಿವೆ.