ಹಳ್ಳದ ದಂಡೆಯ ಪ್ಲಾಟು

ಮಸ್ಕಿಯಲ್ಲಿ ಪ್ಲಾಟು ನೋಡಲು ಹೋದ ಮಾಸ್ತರರು ದಲ್ಲಾಳಿಯನ್ನು ಕೇಳಿದ್ದು ಎರಡೇ ಪ್ರಶ್ನೆ: ನೀರು ಹೇಗೆ, ಕಳ್ಳರ ಕಾಟ ಹೇಗೆ?

"ನೀರು ಹಳ್ಳದಾಗ ಬೇಕಾದಷ್ಟು ಐತ್ರಿ. ಕಳ್ರ ಮಾತು ಬಿಡ್ರಿ ಮಾಸ್ತರ್ರ, ಈ ಕಡಿ ಯಾರೂ ಬರಂಗಿಲ್ಲ."

ಯಾರೂ ಬರದ ಕಡೆಗೇ ಅಲ್ಲವೇ ಕಳ್ಳ ಬರುವುದು ಎಂದು ಮಾಸ್ತರರ ಮನೆಯಾಕೆ ಸೆರಗಿನ ಮರೆಯಲ್ಲಿ ಗೊಣಗಿದರು.

ಆಕೆಯ ಅಂಜಿಕೆಗೆ ಕಾರಣವಿತ್ತು. ರಾಯಚೂರು ಸೀಮೆಯ ಬೇಸಿಗೆಯಲ್ಲಿ ಹಾಸಿಗೆ ಹೊತ್ತು ಮಾಳಿಗೆ ಏರುವುದು ಎಲ್ಲ ಮನೆಗಳ ರೂಢಿ. ಕೆಳಗೆ ಬರೀ ಬೀಗ ಮಲಗಿರುತ್ತದೆ ಎಂಬುದು ಕಳ್ಳರಿಗೂ ಗೊತ್ತು. ಬಾಡಿಗೆ ಮನೆಯಲ್ಲಿದ್ದಾಗ ಅಂಥದೊಂದು ರಾತ್ರಿ ತವರಿನ ತಾಮ್ರದ ಹಂಡೆ ಹೋಯಿತು. ಆಗಿನ್ನೂ ಹಳೆಯ ದಂಡ ಸಂಹಿತೆ: ರಾತ್ರಿ ಮನೆ ಒಡೆದದ್ದಕ್ಕೆ 457ನೇ ಕಲಂ, ಮನೆಯೊಳಗಿನ ಕಳವಿಗೆ 380. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅವು 331 ಮತ್ತು 305 ಆಗಿವೆ. ಹಂಡೆ ಯಾವ ಕಲಮಿನಡಿಯೂ ತಿರುಗಿ ಬರಲಿಲ್ಲ.

ಮಾಸ್ತರರ ಮನಸ್ಸು ಮಾತ್ರ ಎದುರಿನ ದುರ್ಗದ ಗುಡ್ಡದ ಮೇಲಿತ್ತು. ವರ್ಷವರ್ಷವೂ ಮಕ್ಕಳಿಗೆ ಹೇಳಿದ ಪಾಠ ಅದು. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಈ ಸೀಮೆಯಲ್ಲಿ ಚಿನ್ನ ಹುಡುಕುತ್ತಿದ್ದಾಗ ಕಣ್ಣಿಗೆ ಬಿದ್ದದ್ದು ಬಂಡೆಯ ಮೇಲಿನ ಬರಹ. ಅಲ್ಲಿಯವರೆಗೆ ಸಿಕ್ಕ ಶಾಸನಗಳಲ್ಲಿ 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಎಂದಷ್ಟೇ ಇದ್ದ ದೊರೆ, ಇಲ್ಲಿ ಅಶೋಕ ಎಂಬ ಸ್ವಂತ ಹೆಸರಿನಲ್ಲಿ ಕಾಣಿಸಿಕೊಂಡ. ಅಶೋಕನಿಗೂ ಎಷ್ಟೋ ಶತಮಾನ ಮೊದಲಿನಿಂದ ಗುಡ್ಡಕ್ಕೂ ಹಳ್ಳಕ್ಕೂ ನಡುವೆ ಜನ ಮನೆ ಕಟ್ಟಿಕೊಂಡಿದ್ದರೆಂದು 1954ರಲ್ಲಿ ಬಿ.ಕೆ. ಥಾಪರ್ ಮಾಡಿಸಿದ ಉತ್ಖನನ ತೋರಿಸಿತು. ಕಲ್ಲು-ತಾಮ್ರದ ಕಾಲದವರು, ಬೃಹತ್ ಶಿಲಾಗೋರಿಗಳ ಕಾಲದವರು, ಅವರ ಮೇಲೆ ಶಾತವಾಹನರ ಕಾಲದವರು. ಹಾಗೆ ನೋಡಿದರೆ ಈ ದಂಡೆಯಲ್ಲಿ ಹೊಸ ಪ್ಲಾಟು ಎಂಬುದೇ ಇಲ್ಲ! ಹನ್ನೊಂದನೆಯ ಶತಮಾನದಲ್ಲಿ ರಾಜೇಂದ್ರ ಚೋಳನ ಸೈನ್ಯಕ್ಕೂ ಚಾಲುಕ್ಯ ಜಯಸಿಂಹನಿಗೂ ಕದನ ನಡೆದ ಮುಸಂಗಿ ಇದೇ ಊರು ಎನ್ನುವ ವಿದ್ವಾಂಸರಿದ್ದಾರೆ. ಹಂಡೆ ಕಳೆದುಕೊಂಡವರ ಸಾಲು ಉದ್ದವೇ ಇದೆ ಎಂದು ಮಾಸ್ತರರು ನಕ್ಕರು. ಮನೆಯಾಕೆ ನಗಲಿಲ್ಲ.

ಕಳ್ಳನನ್ನು ಕುರಿತು ಕೇಳುವವರು ಹಳ್ಳವನ್ನು ಕುರಿತು ಕೇಳುವುದಿಲ್ಲ. ಬೇಸಿಗೆಯಲ್ಲಿ ಮಕ್ಕಳೂ ದಾಟುವ ಮಸ್ಕಿ ಹಳ್ಳಕ್ಕೆ ಮೇಲ್ಗಡೆ ಜಲಾಶಯವೊಂದಿದೆ. ಅದರ ಗೇಟು ಎತ್ತಿದರೆ ಊರಿಗೆ ಮಳೆ ಬೀಳದಿದ್ದರೂ ನೀರು ಬರುತ್ತದೆ. 2020ರ ಅಕ್ಟೋಬರಿನಲ್ಲಿ ಇಬ್ಬರು ನಡುಹಳ್ಳದಲ್ಲಿ ಸಿಕ್ಕಿಬಿದ್ದರು. ಒಬ್ಬರು ಉಳಿದರು. ಇನ್ನೊಬ್ಬರು, ರಕ್ಷಣೆಯ ಕೆಲಸ ನಡೆದಿರುವಾಗಲೇ, ಕೊಚ್ಚಿಹೋದರು. ದಂಡೆಯ ಮನೆಗೆ ಎಷ್ಟು ಕಬ್ಬಿಣದ ಗ್ರಿಲ್ ಹಾಕಿಸಿದರೇನು, ನೀರಿಗೆ ಗ್ರಿಲ್ ಅಡ್ಡಿಯಲ್ಲ.

ಇನ್ನೊಂದು ಕಳ್ಳತನ ಹಾಡಹಗಲೇ, ಚಹಾ ಕುಡಿಸಿ, ಸಹಿ ಹಾಕಿಸಿಕೊಂಡು ನಡೆಯುತ್ತದೆ. ಕಂದಾಯದ ದಾಖಲೆಯಲ್ಲಿ ಹಳ್ಳ, ದಾರಿ ಮುಂತಾದ ಸಾರ್ವಜನಿಕ ನೆಲವೆಲ್ಲ 'ಬಿ ಖರಾಬು'. ಅದು ಮಾರಾಟದ ಸ್ವತ್ತಲ್ಲ. ಲೇಔಟಿನ ನಕ್ಷೆ ಬರೆಯುವವನ ಕೈ ಸ್ವಲ್ಪ ಜಾರಿದರೆ ಸಾಕು, ಖರಾಬಿನ ತುಂಡೂ ಪ್ಲಾಟಿನ ನಂಬರು ಪಡೆಯುತ್ತದೆ. ಒಂದೇ ಪ್ಲಾಟನ್ನು ಇಬ್ಬರಿಗೆ ಬರೆದುಕೊಡುವವರೂ ಉಂಟು. ಭೂಕಬಳಿಕೆ ನಿಷೇಧಕ್ಕೆಂದೇ 2011ರ ಅಧಿನಿಯಮವಿದೆ, ಬೆಂಗಳೂರಿನಲ್ಲಿ ವಿಶೇಷ ನ್ಯಾಯಾಲಯವಿದೆ. ಮಸ್ಕಿಯಿಂದ ಅಲ್ಲಿಗೆ ಓಡಾಡುವ ಬಸ್ಸಿನ ಖರ್ಚು ನೆನೆದರೆ, ಕೊಳ್ಳುವ ಮೊದಲೇ ಋಣಭಾರ ಪತ್ರ ತೆಗೆಸಿ, ಭೂಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಎನ್.ಎ. (ಕೃಷಿಯೇತರ) ಆದ ಆದೇಶ ಓದಿ, ಮೋಜಣಿದಾರರಿಂದ ಹದ್ದುಬಸ್ತು ಮಾಡಿಸುವುದು ಅಗ್ಗ.

ಮಾಸ್ತರರು ಸರ್ವೆ ನಕ್ಷೆ ಕೇಳಿದರು. ದಲ್ಲಾಳಿ ಪ್ಲಾಸ್ಟಿಕ್ ಚೀಲ ತಡಕಾಡಿ ಲೇಔಟಿನ ಬಣ್ಣದ ಚಿತ್ರ ಕೊಟ್ಟ. ಅದರಲ್ಲಿ ಹಳ್ಳವಿದ್ದ ಕಡೆ ಹಸಿರು ಬಳಿದು 'ಉದ್ಯಾನ' ಎಂದು ಬರೆದಿತ್ತು.

"ಇದಲ್ಲಪ್ಪಾ, ಸರ್ಕಾರದ ನಕ್ಷೆ."

"ಅದನ್ನ ನಾಳೆ ತರ್ತೀನ್ರಿ. ಬೇಕಾದ್ರ ಚದರಡಿಗೆ ಐವತ್ತು ರೂಪಾಯಿ ಕಮ್ಮಿ ಮಾಡ್ಕೊಡ್ತೀನಿ."

ಮನೆಯಾಕೆ ಆಗಲೇ ಏರಿನ ಕಡೆ ನಡೆದು, ಗುಡ್ಡದ ಬದಿಯ ಸಾಲಿನ ರೇಟು ಏನೆಂದು ಅಲ್ಲಿ ಎಮ್ಮೆ ಕಟ್ಟುತ್ತಿದ್ದ ಅಜ್ಜಿಯನ್ನು ವಿಚಾರಿಸುತ್ತಿದ್ದರು.